ಕೆಟ್ಟಿರುವುದು ಪೆಟ್ಟಿಗೆಯೋ, ಲೈನೋ, ಕೇಂದ್ರವೋ?

“ಸರ್ವರ್ ಡೌನ್ ಐತೆ, ಮಧ್ಯಾಹ್ನದ ಮೇಲೆ ಬನ್ನಿ.” ಚಿಂತಾಮಣಿಯಂಥ ತಾಲ್ಲೂಕು ಊರಿನಲ್ಲಿ ಯಾವುದಾದರೊಂದು ಕೌಂಟರಿನ ಮುಂದೆ ನಿಂತು ಈ ಮಾತು ಕೇಳದವರು ಇರಲಿಕ್ಕಿಲ್ಲ. ಕೈವಾರದಿಂದಲೋ ಮುರುಗಮಲ್ಲದಿಂದಲೋ ಬಸ್ಸು ಹಿಡಿದು ಬಂದವರಿಗೆ ಅದು ಒಂದು ದಿನದ ಕೂಲಿ. ಕೌಂಟರಿನ ಒಳಗೆ ಕೂತವರನ್ನು ಬೈದು ಪ್ರಯೋಜನವಿಲ್ಲ. ಏನು ಕೆಟ್ಟಿದೆ ಎಂಬುದು ಅವರಿಗೂ ಗೊತ್ತಿರುವುದಿಲ್ಲ. ಎದುರಿನ ಯಂತ್ರ ಕೈಕೊಟ್ಟಿರಬಹುದು, ನಡುವಿನ ಲೈನು ಹೋಗಿರಬಹುದು, ಬೆಂಗಳೂರಿನ ಕೇಂದ್ರವೇ ನಿಂತಿರಬಹುದು. ಮೂರಕ್ಕೂ ಒಂದೇ ಹೆಸರು: ಸರ್ವರ್.

ನಲವತ್ತು ವರ್ಷ ಹಿಂದಿನ ಕಂಪ್ಯೂಟರ್ ಟರ್ಮಿನಲ್ಲುಗಳು ಈ ಮೂರನ್ನೂ ಬೇರೆ ಮಾಡಿ ಹೇಳುತ್ತಿದ್ದವು. ಒಂದು ಪರದೆ, ಒಂದು ಕೀಬೋರ್ಡು, ಹಿಂದೆ ಒಂದು ವೈರು. ಲೆಕ್ಕ ಮಾಡುವ ಕಂಪ್ಯೂಟರು ಬೇರೆಲ್ಲೋ ಇರುತ್ತಿತ್ತು. ಆದರೂ ಆ ಪೆಟ್ಟಿಗೆ ಸ್ವಿಚ್ ಹಾಕಿದ ಕೂಡಲೇ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ದೋಷವಿದ್ದರೆ ಸಂಕೇತದಲ್ಲಿ ಹೇಳುತ್ತಿತ್ತು. ಅಷ್ಟು ಬುದ್ಧಿ ಅದಕ್ಕೆ ಬೇಕಿತ್ತೆ ಎಂಬ ಜಗಳ 1970ರ ದಶಕದಲ್ಲಿ ಶುರುವಾಯಿತು. ಕೌಂಟರಿನ ಮೇಲಿನ ಯಂತ್ರಕ್ಕೆ ತನ್ನ ಆರೋಗ್ಯದ ಬಗ್ಗೆ, ತಾನು ತೋರಿಸುವ ಲಿಪಿಯ ಬಗ್ಗೆ, ತನ್ನ ಮೂಲಕ ನಡೆಯುವ ಕೆಲಸದ ಬಗ್ಗೆ ಎಷ್ಟು ಗೊತ್ತಿರಬೇಕು? ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಿದ್ದೇನೆ. ಸ್ವಯಂಪರೀಕ್ಷೆ ಬರೀ ಎಂಜಿನಿಯರಿಂಗ್ ಸಂಗತಿಯಲ್ಲ, ಕೌಂಟರಿನಲ್ಲಿ ಕೂತವರಿಗೆ ಎಷ್ಟು ತಿಳಿಸಬೇಕು ಎಂಬ ತೀರ್ಮಾನವೂ ಅದರೊಳಗಿದೆ ಎಂಬುದು ನನ್ನ ಅಭಿಪ್ರಾಯ.

ಕಾಗದದಿಂದ ಗಾಜಿಗೆ

ಪರದೆ ಬರುವ ಮೊದಲು ಕಂಪ್ಯೂಟರಿನ ಜೊತೆ ಮಾತಾಡಲು ಇದ್ದದ್ದು ಟೆಲಿಟೈಪ್. 1963ರ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುತ್ತಿತ್ತು. ಅದಕ್ಕೆ ರೋಗಪರೀಕ್ಷೆಯ ಅಗತ್ಯವೇ ಇರಲಿಲ್ಲ. ಕೆಟ್ಟರೆ ಸದ್ದು ಬದಲಾಗುತ್ತಿತ್ತು, ರಿಬ್ಬನ್ ಸಿಕ್ಕಿಕೊಳ್ಳುತ್ತಿತ್ತು, ಕಾಗದ ಹರಿಯುತ್ತಿತ್ತು. ಗಾಜಿನ ಪರದೆ ಬಂದಾಗ ಈ ಸುಳಿವುಗಳೆಲ್ಲ ಹೋದವು. ಖಾಲಿ ಪರದೆ ಎಂದರೆ ಹೇಳಲು ಏನೂ ಇಲ್ಲ ಎಂದೋ, ಹೇಳುವ ಶಕ್ತಿಯೇ ಇಲ್ಲ ಎಂದೋ?

ಅಮೆರಿಕದ ಡಿಜಿಟಲ್ ಇಕ್ವಿಪ್ಮೆಂಟ್ ಕಾರ್ಪೊರೇಷನ್, ಅಂದರೆ ಡೆಕ್ ಕಂಪನಿ, 1970ರಲ್ಲಿ ತಂದ ವಿಟಿ05 ಸಾಲಿಗೆ 72 ಅಕ್ಷರದಂತೆ 20 ಸಾಲು ತೋರಿಸುತ್ತಿತ್ತು, ಅದೂ ದೊಡ್ಡಕ್ಷರ ಮಾತ್ರ. 1975ರ ವಿಟಿ52ರಲ್ಲಿ 24 ಸಾಲು, 80 ಕಾಲಂ ಬಂತು. ಆ ಅಳತೆ ಇವತ್ತಿಗೂ ಅಳಿದಿಲ್ಲ. 1978ರಲ್ಲಿ ಬಂದ ವಿಟಿ100ರ ಒಳಗೆ ಇಂಟೆಲ್ 8080 ಮೈಕ್ರೊಪ್ರೊಸೆಸರ್ ಇತ್ತು. ಕೆಲವೇ ವರ್ಷ ಹಿಂದೆ ಇಡೀ ಕಂಪ್ಯೂಟರನ್ನೇ ಕಟ್ಟಬಹುದಾಗಿದ್ದ ಚಿಪ್ ಅದು. ಅದನ್ನು ಬರೀ ಪರದೆಗೆ ಹಾಕಿದ್ದು ದುಂದು ಎಂದವರೂ ಇದ್ದರು. 1983ರ ವಿಟಿ220 ಅದೇ ವಂಶದ ಮುಂದಿನ ತಲೆಮಾರು.

ನಮ್ಮ ಕಡೆಗೆ ಇವು ಬಂದ ದಾರಿ ಬೇರೆ. 1978ರಲ್ಲಿ ಐಬಿಎಂ ದೇಶ ಬಿಟ್ಟ ಮೇಲೆ ಸರ್ಕಾರಿ ಕಂಪನಿ ಸಿಎಂಸಿ ಅದರ ಯಂತ್ರಗಳ ನಿಗಾ ವಹಿಸಿಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡೆಕ್-1090 ಕಂಪ್ಯೂಟರಿಗೆ ಹತ್ತಾರು ಟರ್ಮಿನಲ್ ಜೋಡಿಸಿ ಏಕಕಾಲಕ್ಕೆ ಬಳಸುವ ಪದ್ಧತಿ ಬಂತು. 1985–86ರಲ್ಲಿ ದೆಹಲಿಯಲ್ಲಿ ರೈಲ್ವೆ ಮುಂಗಡ ಟಿಕೆಟ್ ಕಂಪ್ಯೂಟರಿಗೆ ಹೋಯಿತು. ಆ ಸಾಫ್ಟ್‌ವೇರೂ ಸಿಎಂಸಿಯದೇ, ಓಡುತ್ತಿದ್ದುದು ಡೆಕ್‌ನ ವ್ಯಾಕ್ಸ್ ಯಂತ್ರದ ಮೇಲೆ. ಬ್ಯಾಂಕುಗಳಲ್ಲಿ 1983ರ ನೌಕರ ಸಂಘಗಳ ಒಪ್ಪಂದ ಮತ್ತು 1984ರ ರಂಗರಾಜನ್ ಸಮಿತಿ ವರದಿಯ ನಂತರ ನಿಧಾನಕ್ಕೆ ಯಂತ್ರ ಹೊಕ್ಕಿತು. ಆಮೇಲೆ ದೊಡ್ಡ ಶಾಖೆಗಳಲ್ಲಿ ಒಂದು ಯೂನಿಕ್ಸ್ ಯಂತ್ರ, ಅದಕ್ಕೆ ಕಟ್ಟಿದ ನಾಲ್ಕಾರು ಟರ್ಮಿನಲ್. ಹಸಿರು ಅಕ್ಷರದ ಪರದೆ ಜನಸಾಮಾನ್ಯರ ಕಣ್ಣಿಗೆ ಬಿದ್ದದ್ದು ಇಂಥ ಕೌಂಟರುಗಳಲ್ಲೇ.

ಒಂದೇ ಅಕ್ಷರದ ವರದಿ

ವಿಟಿ100ನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಮುಂದೆ ಬಂದವರೆಲ್ಲ ಅದನ್ನೇ ಅನುಕರಿಸಿದ್ದಾರೆ.

ಸ್ವಿಚ್ ಹಾಕಿದಾಗ ಮೊದಲು ನಾಲ್ಕು ರೋಮ್ ಚಿಪ್ಪುಗಳೊಳಗಿನ ಕಾರ್ಯಕ್ರಮ ಸರಿಯಾಗಿದೆಯೇ ಎಂದು ಕೂಡಿ ನೋಡುತ್ತದೆ. ಇದು ಬರೆದದ್ದು ಅಳಿಯದ ಓದುಸ್ಮೃತಿ. ಆಮೇಲೆ ಪರದೆಯ ಅಕ್ಷರಗಳಿರುವ ತಾತ್ಕಾಲಿಕ ಸ್ಮೃತಿ, ನಂತರ ಸೆಟಿಂಗ್ ಉಳಿಸಿಕೊಳ್ಳುವ 1400 ಬಿಟ್‌ಗಳ ಪುಟ್ಟ ಚಿಪ್, ಕೊನೆಗೆ ಕೀಬೋರ್ಡು. ದೋಷ ಪ್ರಾಣಾಂತಿಕವಾಗಿದ್ದರೆ ಪರದೆಯನ್ನು ನಂಬುವಂತಿಲ್ಲ. ಆಗ ಕೀಬೋರ್ಡಿನ ಮೇಲಿನ ಎಲ್1ರಿಂದ ಎಲ್4ರವರೆಗಿನ ಪುಟ್ಟ ಕೆಂಪು ದೀಪಗಳು ಯಾವ ಚಿಪ್ ಹೋಗಿದೆ ಎಂದು ತೋರಿಸುತ್ತಿದ್ದವು.

ಪ್ರಾಣಾಂತಿಕವಲ್ಲದ ದೋಷಕ್ಕೆ ಪರದೆಯ ಎಡ ಮೇಲ್ತುದಿಯಲ್ಲಿ ಒಂದೇ ಒಂದು ಅಕ್ಷರ. ಹೆಚ್ಚುವರಿ ವಿಡಿಯೊ ಬೋರ್ಡಿಗೆ 1, ಸೆಟಿಂಗ್ ಚಿಪ್ಪಿಗೆ 2, ಕೀಬೋರ್ಡಿಗೆ 4, ದತ್ತಾಂಶದ ದಾರಿಗೆ 8. ಒಂದಕ್ಕಿಂತ ಹೆಚ್ಚು ಕೆಟ್ಟಿದ್ದರೆ ಕೂಡಿಸಬೇಕು: ಕೀಬೋರ್ಡು ಮತ್ತು ಸೆಟಿಂಗ್ ಎರಡೂ ಹೋಗಿದ್ದರೆ 6. ಮೊತ್ತ 9 ದಾಟಿದರೆ, ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅಂಕಿಗಳ ಮುಂದೆ ಬರುವ ಚಿಹ್ನೆಗಳು. ನಾಲ್ಕೂ ಕೆಟ್ಟಿದ್ದರೆ ಮೊತ್ತ 15. ಆ ಜಾಗದಲ್ಲಿ ಇರುವುದು ‘?’. ಅಂದರೆ ಎಲ್ಲವೂ ಹಾಳಾದ ಟರ್ಮಿನಲ್ ಒಂದು ಪ್ರಶ್ನೆ ಚಿಹ್ನೆ ತೋರಿಸಿ ಕೂರುತ್ತಿತ್ತು. ಕೈಪಿಡಿ ಓದದ ಗುಮಾಸ್ತರು ಯಂತ್ರ ತಮ್ಮನ್ನೇ ಏನೋ ಕೇಳುತ್ತಿದೆ ಎಂದುಕೊಂಡರೆ ತಪ್ಪು ಅವರದ್ದಲ್ಲ.

ಸೆಟ್‌ಅಪ್ ಎಂಬ ಕೀಲಿ ಒತ್ತಿದರೆ ಪರದೆ ಬದಲಾಗುತ್ತಿತ್ತು; ಅದರ ಎರಡನೇ ಪುಟದಲ್ಲಿ ಸೊನ್ನೆ-ಒಂದುಗಳ ಗುಂಪುಗಳು, ಕೆಳಗೆ ಕಳಿಸುವ ಮತ್ತು ಪಡೆಯುವ ವೇಗ. ಅಲ್ಲಿ 4ನ್ನು ಒತ್ತಿದರೆ ಟರ್ಮಿನಲ್ ಲೈನು ಬಿಟ್ಟು ‘ಲೋಕಲ್’ ಸ್ಥಿತಿಗೆ ಬರುತ್ತಿತ್ತು. ಆಗ ನೀವು ಒತ್ತಿದ ಅಕ್ಷರ ಕೇಂದ್ರಕ್ಕೆ ಹೋಗದೆ ನೇರ ಪರದೆಗೆ ಬರುತ್ತದೆ. ಬಂದರೆ ಪೆಟ್ಟಿಗೆ ಸರಿ, ತಪ್ಪು ಹೊರಗಿದೆ. ಎಂಜಿನಿಯರ್ ಬೇಡ, ಸ್ಕ್ರೂಡ್ರೈವರ್ ಬೇಡ. ಇಡೀ ಯಂತ್ರದಲ್ಲಿ ಅತ್ಯಂತ ಪ್ರಜಾಸತ್ತಾತ್ಮಕ ಭಾಗ ಇದು ಎನ್ನುತ್ತೇನೆ.

ಮುಂದಿನ ಹೆಜ್ಜೆ ಲೂಪ್‌ಬ್ಯಾಕ್. ಹಿಂದಿನ 25 ಪಿನ್ನಿನ ಕನೆಕ್ಟರಿನಲ್ಲಿ ಕಳಿಸುವ ಪಿನ್ 2 ಮತ್ತು ಪಡೆಯುವ ಪಿನ್ 3 ಎರಡನ್ನೂ ಸೇರಿಸಿದ ಪ್ಲಗ್ ಹಾಕಿ ಪರೀಕ್ಷೆ ನಡೆಸಿದರೆ, ಯಂತ್ರ ತಾನು ಕಳಿಸಿದ್ದನ್ನು ತಾನೇ ಪಡೆದು ಸರಿ ನೋಡುತ್ತದೆ. ಪ್ಲಗ್ ಇಲ್ಲದವರು ಸಣ್ಣ ತಂತಿಯಲ್ಲೇ ಆ ಎರಡು ಪಿನ್ ಕೂಡಿಸಿ, ಕೀಲಿ ಒತ್ತಿ ನೋಡುತ್ತಿದ್ದರು. ಪರದೆಯ ಚಿತ್ರ ಓರೆಯಾಗಿದ್ದರೆ ಇನ್ನೊಂದು ಆಜ್ಞೆಯಿಂದ ಪರದೆ ತುಂಬ ಇಂಗ್ಲಿಷಿನ ದೊಡ್ಡ ‘ಇ’ ಅಕ್ಷರ ತುಂಬಿಸಿ, ಗೆರೆಗಳು ನೇರವಾಗುವವರೆಗೆ ಒಳಗಿನ ತಿರುಪು ತಿರುಗಿಸುತ್ತಿದ್ದರು.

ಇಷ್ಟೆಲ್ಲ ಇದ್ದರೂ ಯಂತ್ರಕ್ಕೆ ತನ್ನ ಮುಖ ಕಾಣದು. ಪರೀಕ್ಷೆ ನಡೆಯುವುದು ಸ್ಮೃತಿ, ಕೀಬೋರ್ಡು, ಸಂಪರ್ಕಗಳ ಮೇಲೆ. ಪರದೆಗೆ ಹೈವೋಲ್ಟೇಜ್ ಕೊಡುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಒಳಗಿನ ಪರೀಕ್ಷೆಯೆಲ್ಲ ಪಾಸಾಗುತ್ತದೆ, ಗಾಜು ಮಾತ್ರ ಕಪ್ಪು. ಮಂಡಿಯಲ್ಲಿ ತೂಕಕ್ಕೆ ಮೊದಲು ಖಾಲಿ ತಕ್ಕಡಿ ಸಮ ನಿಂತದ್ದನ್ನು ತೋರಿಸುತ್ತಾರಲ್ಲ, ಹಾಗೆ ಇದು. ತಟ್ಟೆಗಳು ಸಮ ಎಂದು ಗೊತ್ತಾಗುತ್ತದೆ, ಕಲ್ಲು ಸರಿ ಎಂದು ಗೊತ್ತಾಗುವುದಿಲ್ಲ. ವಿಟಿ220 ಪರದೆಯ ನಡುವೆ ‘ವಿಟಿ220 ಓಕೆ’ ಎಂದು ಬರೆದು ತೋರಿಸುತ್ತಿತ್ತು. ಆ ಸಾಲು ಕಾಣಿಸಿತು ಎಂದರೆ ಅದೇ ಒಂದು ಪರೀಕ್ಷೆ. ಕಾಣದಿದ್ದರೆ ಮತ್ತೆ ಊಹೆಯ ಲೋಕ.

ಪೆದ್ದಾಗಿರುವುದೇ ಮೇಲು ಎಂದವರು

ಇದೆಲ್ಲ ಬೇಡವೇ ಬೇಡ ಎಂದದ್ದು ಮೊದಲ ಪಂಥ. ಲಿಯರ್ ಸೀಗ್ಲರ್ ಕಂಪನಿ 1976ರಲ್ಲಿ ತಂದ ಎಡಿಎಂ-3ಎ ಟರ್ಮಿನಲ್ಲನ್ನು ‘ಡಂಬ್ ಟರ್ಮಿನಲ್’ ಎಂದೇ ಹೆಮ್ಮೆಯಿಂದ ಜಾಹೀರಾತು ಮಾಡಿ ಮಾರಿತು. ಒಳಗೆ ಮೈಕ್ರೊಪ್ರೊಸೆಸರ್ ಇಲ್ಲ, ಸಾಧಾರಣ ತರ್ಕ ಚಿಪ್ಪುಗಳಷ್ಟೆ. ಸೆಟಿಂಗ್‌ಗಳೆಲ್ಲ ಪುಟ್ಟ ಸ್ವಿಚ್ಚುಗಳಲ್ಲಿ: ಕರೆಂಟ್ ಇಲ್ಲದಾಗಲೂ ಕಣ್ಣಿನಿಂದ ನೋಡಿ ಹೇಳಬಹುದು. ಅದೇ ವಿಟಿ100ರಲ್ಲಿ ಬದಲಾಯಿಸಿದ ಸೆಟಿಂಗ್ ಉಳಿಸಲು ಮರೆತಿದ್ದು ಕರೆಂಟ್ ಹೋಗಿ ಬಂದರೆ ಹಳೆಯದೇ ಗತಿ. ಲೋಡ್‌ಶೆಡ್ಡಿಂಗ್ ಕಂಡ ನಮ್ಮ ಊರುಗಳಿಗೆ ಸ್ವಿಚ್ ಪಂಥದ ವಾದ ಚೆನ್ನಾಗಿಯೇ ಅರ್ಥವಾಗುತ್ತದೆ.

ಈ ಪಂಥದ ಇನ್ನೊಂದು ಶಾಖೆ ಯೂನಿಕ್ಸ್ ಬಳಗ. ನೂರಾರು ಬಗೆಯ ಟರ್ಮಿನಲ್, ಒಂದೊಂದಕ್ಕೂ ಒಂದೊಂದು ಸಂಕೇತ. ಬರ್ಕ್ಲಿಯ ಬಿಲ್ ಜಾಯ್ 1978ರ ಸುಮಾರಿಗೆ ಟರ್ಮ್‌ಕ್ಯಾಪ್ ಎಂಬ ಕಡತದಲ್ಲಿ ಯಾವ ಟರ್ಮಿನಲ್ಲಿಗೆ ಏನು ಬರುತ್ತದೆ ಎಂಬುದನ್ನೆಲ್ಲ ಬರೆದು ಕೇಂದ್ರದ ಕಂಪ್ಯೂಟರಿನಲ್ಲಿ ಇಟ್ಟ. ಪೆಟ್ಟಿಗೆಗೆ ಬುದ್ಧಿ ಬೇಡ, ಅದರ ಜಾತಕ ನಮ್ಮ ಬಳಿ ಇದ್ದರೆ ಸಾಕು ಎಂಬ ನಿಲುವು. ಕಡಿಮೆ ಭಾಗಗಳಿದ್ದರೆ ಕೆಡುವುದೂ ಕಡಿಮೆ ಎಂಬುದನ್ನು ಈ ವಾದ ಸರಿಯಾಗಿ ವಿವರಿಸುತ್ತದೆ. ಕೆಟ್ಟಾಗ ಏನು ಎಂಬುದಕ್ಕೆ ಅದರ ಬಳಿ ಉತ್ತರವಿಲ್ಲ.

ನಮೂನೆ ತುಂಬಿ ಒಪ್ಪಿಸುವ ಪರದೆ

ಐಬಿಎಂ 1971ರಲ್ಲಿ ತಂದ 3270 ವಂಶದ ದಾರಿಯೇ ಬೇರೆ. ಇಲ್ಲಿ ಒಂದೊಂದು ಕೀಲಿಗೂ ಕೇಂದ್ರವನ್ನು ಎಬ್ಬಿಸುವುದಿಲ್ಲ. ಕೇಂದ್ರ ಒಂದು ಅರ್ಜಿ ನಮೂನೆ ಕಳಿಸುತ್ತದೆ, ಗುಮಾಸ್ತರು ಅದನ್ನು ಪರದೆಯಲ್ಲೇ ತುಂಬಿ ತಿದ್ದಿ, ಕೊನೆಗೆ ಎಂಟರ್ ಒತ್ತಿದಾಗ ಒಟ್ಟಿಗೆ ಹೋಗುತ್ತದೆ. ನಮ್ಮ ಕಚೇರಿಗಳ ಜಾಯಮಾನಕ್ಕೆ ಇದಕ್ಕಿಂತ ಒಗ್ಗುವ ಯಂತ್ರ ಇನ್ನೊಂದಿಲ್ಲ.

ಈ ಲೇಖನದ ಪ್ರಶ್ನೆಗೆ ಮುಖ್ಯವಾದದ್ದು ಪರದೆಯ ತಳದ ಸ್ಥಿತಿ ಸಾಲು. ಕೇಂದ್ರ ಕೆಲಸದಲ್ಲಿದ್ದರೆ ‘ಎಕ್ಸ್ ಸಿಸ್ಟಮ್’. ತೊಂದರೆಯಾದರೆ ‘ಮೆಷ್’, ‘ಕಾಮ್’, ‘ಪ್ರಾಗ್’ ಎಂಬ ಮೂರರಲ್ಲಿ ಒಂದು, ಪಕ್ಕದಲ್ಲಿ ಸಂಖ್ಯೆ. ಮೊದಲನೆಯದು ಎಂದರೆ ಯಂತ್ರ, ಎರಡನೆಯದು ಲೈನು, ಮೂರನೆಯದು ಕೇಂದ್ರದಿಂದ ಬಂದ ಕಾರ್ಯಕ್ರಮದ ತಪ್ಪು. ಪೆಟ್ಟಿಗೆಯೋ, ಲೈನೋ, ಕೇಂದ್ರವೋ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉತ್ತರ ಅದಕ್ಕೂ ಮೊದಲು ಇರಲಿಲ್ಲ, ಈಚೆಗೂ ನಾನು ಕಂಡಿಲ್ಲ.

ರಿಪೇರಿಯ ಲೆಕ್ಕಾಚಾರ

ಇನ್ನೊಂದು ಪಂಥ ಇದನ್ನೆಲ್ಲ ದುಡ್ಡಿನ ಕಣ್ಣಿಂದ ನೋಡುತ್ತದೆ. ಸ್ವಯಂಪರೀಕ್ಷೆ ಬಳಕೆದಾರರ ಅನುಕೂಲಕ್ಕಲ್ಲ, ಸರ್ವಿಸ್ ಎಂಜಿನಿಯರನ ಒಂದು ಓಡಾಟ ಉಳಿಸಲಿಕ್ಕೆ ಎನ್ನುತ್ತದೆ. ವಿಟಿ100 ನಾಲ್ಕು ತುಂಡು: ಕಂಟ್ರೋಲರ್ ಬೋರ್ಡು, ಮಾನಿಟರ್ ಬೋರ್ಡು, ಪವರ್ ಸಪ್ಲೈ, ಕೀಬೋರ್ಡು. ಫೋನಿನಲ್ಲಿ “ಎಡಗಡೆ ಮೇಲೆ ಏನು ಕಾಣುತ್ತೆ ಸರ್?” ಎಂದು ಕೇಳಿ, “4” ಎಂದರೆ ಕೀಬೋರ್ಡು ಬ್ಯಾಗಿಗೆ ಹಾಕಿಕೊಂಡು ಹೊರಟರೆ ಆಯಿತು. ಸಂಕೇತ ಯಾವ ಬೋರ್ಡು ಎಂದು ಹೇಳುತ್ತದೆ, ಬೋರ್ಡಿನೊಳಗೆ ಯಾವ ಕೆಪಾಸಿಟರ್ ಎಂದು ಹೇಳುವುದಿಲ್ಲ. ಬೋರ್ಡು ಬದಲಿಸುವವನಿಗೆ ಅಷ್ಟೇ ಸಾಕು.

ದೂರ ಹೆಚ್ಚಿದಷ್ಟೂ ಈ ವಾದ ಬಲವಾಗುತ್ತದೆ. ಚಿಂತಾಮಣಿ ಬೆಂಗಳೂರಿನಿಂದ 75 ಕಿ.ಮೀ. ಆಸುಪಾಸು, 1980ರ ದಶಕದಲ್ಲಿ ಒಂದು ಬಿಡಿಭಾಗ ತಪ್ಪಾಗಿ ತಂದರೆ ಒಂದು ದಿನ ಹಾಳು. ಆದರೆ ಅದೇ ಚಿಂತಾಮಣಿಯಂಥ ಊರುಗಳಲ್ಲಿ ಟಿವಿ ರಿಪೇರಿಯವರು ಇದ್ದರು ಎಂಬುದನ್ನು ಈ ಪಂಥ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಟರ್ಮಿನಲ್ಲಿನ ಮಾನಿಟರ್ ಭಾಗ ಕಪ್ಪು-ಬಿಳುಪು ಟಿವಿಯ ದಾಯಾದಿ. ಬೆಂಗಳೂರಿನ ಬಿಇಎಲ್ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬ್ ಮಾಡುತ್ತಿದ್ದ ಕಾಲ. ಫ್ಲೈಬ್ಯಾಕ್ ಬದಲಿಸುವುದು, ಉಬ್ಬಿದ ಕೆಪಾಸಿಟರ್ ಕಿತ್ತು ಹೊಸದು ಬೆಸೆಯುವುದು ಬಜಾರಿನ ಅಂಗಡಿಯ ದಿನನಿತ್ಯದ ಕೆಲಸ. ಡೆಕ್ ತನ್ನ ಸರ್ಕ್ಯೂಟ್ ನಕ್ಷೆಗಳನ್ನು ಅಚ್ಚು ಹಾಕಿಸಿ ಕೊಡುತ್ತಿತ್ತು ಎಂಬುದೂ ನಿಜ. ಹಾಗಾಗಿ ಯಂತ್ರ ಯಾರಿಗೆ ಮಾತಾಡುತ್ತಿತ್ತು? ಕಂಪನಿಯ ಎಂಜಿನಿಯರಿಗೆ ಸಂಕೇತದಲ್ಲಿ, ಬಜಾರಿನ ಮೆಕ್ಯಾನಿಕ್ಕಿಗೆ ನಕ್ಷೆಯಲ್ಲಿ. ಮುಂದೆ ಕೂತವರಿಗೆ ಲೋಕಲ್ ಕೀಲಿಯೊಂದನ್ನು ಬಿಟ್ಟರೆ ಹೆಚ್ಚೇನೂ ಇಲ್ಲ.

ಕನ್ನಡ ಎಲ್ಲಿ ಕೂರಬೇಕು?

ನಮ್ಮಲ್ಲಿ ಜಗಳ ನಿಜಕ್ಕೂ ಬಿಸಿಯೇರಿದ್ದು ಲಿಪಿಯ ವಿಷಯಕ್ಕೆ. ವಿಟಿ220ಗೆ ಹೊಸ ಅಕ್ಷರಗಳನ್ನು ಕೇಂದ್ರದಿಂದ ತುಂಬಬಹುದಿತ್ತು, ಆದರೆ 94 ಮಾತ್ರ. ಅದರ ಸೆಟ್‌ಅಪ್ ಮೆನುವನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್ ಮೂರರಲ್ಲಿ ಓದಬಹುದಿತ್ತು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿಸಿದರೆ ಕನ್ನಡಕ್ಕೆ 94 ಮನೆ ಎಲ್ಲಿ ಸಾಲಬೇಕು? ತುಂಡು ತುಂಡು ಮಾಡಿ ಜೋಡಿಸಬೇಕು. ಹತ್ತು ಗೆರೆ ಎತ್ತರದ ಮನೆಯಲ್ಲಿ ಒತ್ತಿಗೆ ಜಾಗವೂ ಇಲ್ಲ.

ಐಐಟಿ ಕಾನ್ಪುರದಲ್ಲಿ 1980ರ ದಶಕದ ಆರಂಭದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಬೇರೆ ಉತ್ತರ ಕೊಟ್ಟಿತು. ಲಿಪಿಯ ಜ್ಞಾನವೆಲ್ಲ ಟರ್ಮಿನಲ್ಲಿನಲ್ಲೇ ಇರಲಿ. ಜಿಸ್ಟ್ ಟರ್ಮಿನಲ್ ಕೇಂದ್ರದ ಕಣ್ಣಿಗೆ ಡೆಕ್‌ನ ವಿಟಿ ಮಾದರಿ, ಬಳಕೆದಾರರ ಕಣ್ಣಿಗೆ ಕನ್ನಡ ಟರ್ಮಿನಲ್. ಇದರ ಬೆನ್ನಿಗೆ ಇದ್ದದ್ದು ಇಸ್ಕಿ ಸಂಕೇತ, 1991ರಲ್ಲಿ ಭಾರತೀಯ ಮಾನಕ ಐಎಸ್ 13194 ಆಗಿ ಬಂದದ್ದು. ಆಸ್ಕಿಯ ಮೊದಲರ್ಧ ಹಾಗೇ ಇಟ್ಟು, ಮೇಲಿನ ಅರ್ಧದಲ್ಲಿ ಭಾರತೀಯ ಅಕ್ಷರಗಳು. ಕನ್ನಡದ ‘ಕ’ಕ್ಕೂ ತೆಲುಗಿನ ‘ಕ’ಕ್ಕೂ ದೇವನಾಗರಿಯ ‘ಕ’ಕ್ಕೂ ಒಂದೇ ಸಂಕೇತ, ಯಾವ ರೂಪ ಎಂದು ತೀರ್ಮಾನಿಸುವುದು ಪರದೆ. ಕನ್ನಡ-ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಚಿಂತಾಮಣಿ ಸೀಮೆಯವರಿಗೆ ಇದು ಸಹಜ ಅನ್ನಿಸಬೇಕು.

ತೊಡಕು ಇಲ್ಲೇ. ಫಲಾನುಭವಿಗಳ ಪಟ್ಟಿಯಲ್ಲಿ ‘ಲಕ್ಷ್ಮೀ’ ಎಂಬ ಹೆಸರಿದೆ ಎನ್ನಿ. ಸಂಕೇತದಲ್ಲಿ ಅದು ಲ, ಕ, ವಿರಾಮ, ಷ, ವಿರಾಮ, ಮ, ದೀರ್ಘ ಈಕಾರ: ಏಳು. ಕೇಂದ್ರದ ಕಾರ್ಯಕ್ರಮ ಏಳು ಕಾಲಂ ಎಂದು ಎಣಿಸುತ್ತದೆ. ಪರದೆಯ ಮೇಲೆ ಕಾಣುವುದು ಎರಡೇ ಅಕ್ಷರ. ಕರ್ಸರ್ ಎಲ್ಲಿ ನಿಲ್ಲಬೇಕು? ಅಳಿಸುವ ಕೀಲಿ ಒಮ್ಮೆ ಒತ್ತಿದರೆ ಈಕಾರ ಹೋಗಬೇಕೋ, ಇಡೀ ‘ಕ್ಷ್ಮೀ’ ಹೋಗಬೇಕೋ? ಬುದ್ಧಿ ಪರದೆಯಲ್ಲಿದ್ದು ಎಣಿಕೆ ಕೇಂದ್ರದಲ್ಲಿದ್ದರೆ ಇಬ್ಬರ ಲೆಕ್ಕವೂ ಕೂಡುವುದಿಲ್ಲ. ಹೀಗೆ ಸಾಲು ಅಸ್ತವ್ಯಸ್ತವಾದದ್ದನ್ನು ಯಾವ ಸ್ವಯಂಪರೀಕ್ಷೆಯೂ ದೋಷ ಎಂದು ಗುರುತಿಸದು, ಏಕೆಂದರೆ ಎರಡೂ ಕಡೆ ಯಂತ್ರ ಸರಿಯಾಗಿಯೇ ಇದೆ.

ಎದುರು ಪಂಥ ಪಿಸಿಯ ಜೊತೆ ಬಂತು. ಬರಹ, ನುಡಿಯಂಥ ತಂತ್ರಾಂಶಗಳು ಅಕ್ಷರದ ತುಂಡುಗಳನ್ನು ಫಾಂಟಿನಲ್ಲಿಟ್ಟು ಮಾಮೂಲಿ ಕಂಪ್ಯೂಟರಿನಲ್ಲೇ ಕನ್ನಡ ತೋರಿಸಿದವು. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಜನರ ಬೆರಳಿಗೆ ಅಂಟಿತು. ವಿಶೇಷ ಯಂತ್ರದ ಅಗತ್ಯ ಹೋಯಿತು, ಆದರೆ ಒಬ್ಬರ ಫಾಂಟಿನ ಬರಹ ಇನ್ನೊಬ್ಬರಲ್ಲಿ ಗೋಜಲು. ಕೊನೆಗೆ ಯೂನಿಕೋಡ್ ಇಸ್ಕಿಯ ಮಾದರಿಯನ್ನೇ ಎತ್ತಿಕೊಂಡು, ಆದರೆ ಪ್ರತಿ ಲಿಪಿಗೂ ಬೇರೆ ಜಾಗ ಕೊಟ್ಟು ನೆಲೆಸಿತು. ಜಿಸ್ಟ್ ಸೋತಿತು ಎಂದು ಬರೆಯುವವರಿದ್ದಾರೆ. ಯಂತ್ರ ಸೋತಿತು, ವಿಚಾರ ಗೆದ್ದಿತು ಎಂದು ಓದುವುದು ನ್ಯಾಯ.

ತಾಲ್ಲೂಕಿಗೆ ಬಂದ ಪರದೆ

ತಾಲ್ಲೂಕು ಕಚೇರಿಗೆ ಕಂಪ್ಯೂಟರ್ ಬಂದದ್ದು ‘ಭೂಮಿ’ ಯೋಜನೆಯಿಂದ, 2000ದ ಆಚೀಚೆ. ಆಗ ಚಿಂತಾಮಣಿ ಕೋಲಾರ ಜಿಲ್ಲೆಯದು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿದ್ದದ್ದು ಟರ್ಮಿನಲ್ ಅಲ್ಲ, ಪಿಸಿ. ಆದರೂ ಹಳೆಯ ಪ್ರಶ್ನೆಗೆ ಅದು ಎರಡು ಉತ್ತರ ಕೊಟ್ಟಿತು. ಒಂದು, ಆರಂಭದಲ್ಲಿ ಪಹಣಿಯ ದತ್ತಾಂಶ ಆಯಾ ತಾಲ್ಲೂಕಿನ ಸರ್ವರಿನಲ್ಲೇ ಇತ್ತು. ಯಂತ್ರ ಕೆಟ್ಟರೆ ಕೆಟ್ಟದ್ದು ಪಕ್ಕದ ಕೋಣೆಯಲ್ಲಿ, ಯಾರನ್ನು ಕೇಳಬೇಕೆಂದು ಗೊತ್ತಿತ್ತು. ಎರಡು, ಕೌಂಟರಿನಲ್ಲಿ ಇನ್ನೊಂದು ಪರದೆಯನ್ನು ರೈತನ ಕಡೆ ತಿರುಗಿಸಿ ಇಟ್ಟರು, ಒಳಗೆ ಏನು ನಡೆಯುತ್ತಿದೆ ಎಂದು ಕಾಣಲಿ ಎಂದು. ಪರದೆ ತನಗೆ ತಿಳಿದದ್ದನ್ನು ಗಿರಾಕಿಗೆ ಹೇಳಬೇಕು ಎಂದು ಯೋಚಿಸಿದ ಇಂಥ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ. ಆಮೇಲೆ ದತ್ತಾಂಶ ರಾಜ್ಯ ಕೇಂದ್ರಕ್ಕೆ ಹೋಯಿತು. ಭದ್ರತೆಗೆ, ಬ್ಯಾಕಪ್‌ಗೆ ಅದು ಒಳ್ಳೆಯದೇ. ಅದರೊಂದಿಗೆ ದೋಷವೂ ದೂರ ಹೋಯಿತು.

ತೀರದ ಮಾತುಗಳು

ಹಳೆ ಟರ್ಮಿನಲ್ ಈಗ ಬಹುತೇಕ ಒಂದು ಕಾರ್ಯಕ್ರಮ. 1984ರಲ್ಲಿ ಹುಟ್ಟಿದ ಎಕ್ಸ್‌ಟರ್ಮ್ ಇವತ್ತಿಗೂ ವಿಟಿ ವಂಶದ ಭಾಷೆ ಆಡುತ್ತದೆ. ಲಿನಕ್ಸ್ ಕೂಡ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲು ಕೂತ ಒಂದು ಟರ್ಮಿನಲ್ ಎಮ್ಯುಲೇಟರಿನಿಂದ, ಅಂದರೆ ಟರ್ಮಿನಲ್ಲನ್ನು ಅನುಕರಿಸುವ ಕಾರ್ಯಕ್ರಮದಿಂದ, ಬೆಳೆದದ್ದು. ವಿಟಿ100ಗೆ ಕೇಂದ್ರ “ನಿನ್ನ ಸ್ಥಿತಿ ಏನು?” ಎಂದು ಕೇಳುವ ಆಜ್ಞೆಯೊಂದಿತ್ತು, ಸರಿಯಿದ್ದರೆ 0, ದೋಷವಿದ್ದರೆ 3 ಎಂದು ಉತ್ತರ. ಎಕ್ಸ್‌ಟರ್ಮಿಗೂ ಆ ಪ್ರಶ್ನೆ ಅರ್ಥವಾಗುತ್ತದೆ, ಅದು ಯಾವಾಗಲೂ 0 ಎನ್ನುತ್ತದೆ. ಪರೀಕ್ಷೆ ಇಲ್ಲ, ಪ್ರಮಾಣಪತ್ರ ಮಾತ್ರ ಉಳಿದಿದೆ. ಹಳೆ ಯಂತ್ರಗಳನ್ನು ಉಳಿಸಬೇಕೆನ್ನುವವರು ಏನನ್ನು ಉಳಿಸಬೇಕು ಎಂಬ ತಕರಾರು ಇಲ್ಲಿಂದಲೇ ಹುಟ್ಟುತ್ತದೆ: ಸಂಕೇತಗಳನ್ನೋ, ಅಥವಾ ಫಾಸ್ಫರ್ ಪರದೆ, ಕೀಲಿಯ ಸದ್ದು, ದೀಪಗಳ ಸಮೇತ ಇಡೀ ಪೆಟ್ಟಿಗೆಯನ್ನೋ? ಎಮ್ಯುಲೇಟರ್ ಸಾಕು ಎನ್ನುವವರ ಬಳಿ ಕೆಡುವ ಗುಣವನ್ನು ಉಳಿಸುವ ಉಪಾಯವಿಲ್ಲ.

ದೋಷದ ಸುದ್ದಿ ಯಾರಿಗೆ ಸೇರಬೇಕು ಎಂಬುದೂ ಹಾಗೇ ಇದೆ. ಎಲ್ಲ ತಿಳಿಸಿದರೆ ಜನ ಗಾಬರಿಯಾಗುತ್ತಾರೆ, ಭದ್ರತೆಗೂ ಧಕ್ಕೆ ಎನ್ನುವವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಐಬಿಎಂ ಮೂರು ಪದಗಳಲ್ಲಿ ಹೇಳಿದ್ದನ್ನು ಇವತ್ತಿನ ಕೌಂಟರಿನ ಪರದೆ ಕನ್ನಡದಲ್ಲಿ ಏಕೆ ಹೇಳಬಾರದು ಎಂಬುದಕ್ಕೆ ಸಮರ್ಥನೆ ನನಗೆಲ್ಲೂ ಸಿಕ್ಕಿಲ್ಲ. ದತ್ತಾಂಶ ತಾಲ್ಲೂಕಿನಲ್ಲಿರಬೇಕೋ ಕೇಂದ್ರದಲ್ಲಿರಬೇಕೋ ಎಂಬುದಂತೂ ಲೈನು ಎಷ್ಟು ಗಟ್ಟಿ ಎಂಬುದರ ಮೇಲೆ ವರ್ಷ ವರ್ಷಕ್ಕೂ ಬದಲಾಗುವ ಉತ್ತರ.

ಲಿಪಿಯ ಮಟ್ಟಿಗೆ ಯೂನಿಕೋಡ್ ಬಂದ ಮೇಲೆ ಎಲ್ಲ ತೀರಿತು ಎಂಬ ಭಾವನೆ ಇದೆ. ಬ್ರೌಸರಿನಲ್ಲಿ, ಮೊಬೈಲಿನಲ್ಲಿ ಹೆಚ್ಚುಕಡಿಮೆ ತೀರಿದೆ. ಮನೆ ಮನೆಯಾಗಿ ಅಕ್ಷರ ಕೂರಿಸುವ ಟರ್ಮಿನಲ್ ಕಿಟಕಿಯಲ್ಲಿ ತೀರಿಲ್ಲ. ‘ಲಕ್ಷ್ಮೀ’ ಎಂಬ ಹೆಸರು ಎಷ್ಟು ಕಾಲಂ ಅಗಲ ಎಂದು ಕೇಳಿದರೆ ಎರಡು ಎಮ್ಯುಲೇಟರುಗಳು ಒಂದೇ ಉತ್ತರ ಕೊಡುತ್ತವೆ ಎಂಬ ಭರವಸೆ ಇವತ್ತಿಗೂ ಇಲ್ಲ.